ಹದಿನೆಂಟು ಅಂಕಗಳ ಭವಿಷ್ಯ

1969ರ ಜನವರಿ 9, ಗುರುವಾರ ರಾತ್ರಿ. ಅಮೆರಿಕದ ಮಯಾಮಿ ನಗರದಲ್ಲಿ ಅಲ್ಲಿನ ಟಚ್‌ಡೌನ್ ಕ್ಲಬ್ಬಿನ ಭೋಜನಕೂಟ. ವರ್ಷದ ಆಟಗಾರ ಪ್ರಶಸ್ತಿ ಸ್ವೀಕರಿಸಲು ನ್ಯೂಯಾರ್ಕ್ ಜೆಟ್ಸ್ ತಂಡದ ಜೋ ನೇಮತ್ ಬಂದಿದ್ದ. ಮೂರು ದಿನ ಕಳೆದರೆ ಅದೇ ಊರಿನ ಆರೆಂಜ್ ಬೌಲ್ ಕ್ರೀಡಾಂಗಣದಲ್ಲಿ ಬಾಲ್ಟಿಮೋರ್ ಕೋಲ್ಟ್ಸ್ ವಿರುದ್ಧ ಅವನ ತಂಡದ ಅಂತಿಮ ಪಂದ್ಯ. ನೇಮತ್ ಮಾತಿಗೆ ನಿಂತಾಗ ಸಭೆಯ ನಡುವಿನಿಂದ ಕೋಲ್ಟ್ಸ್ ಅಭಿಮಾನಿಯೊಬ್ಬ, ಭಾನುವಾರ ನಿಮ್ಮ ಗತಿ ನೆಟ್ಟಗಿರುವುದಿಲ್ಲ ಎಂಬರ್ಥದ ಮಾತನ್ನು ಗಟ್ಟಿಯಾಗಿ ಕೂಗಿದ. ನೇಮತ್ ಸುಮ್ಮನಿರಬಹುದಿತ್ತು. ಇರಲಿಲ್ಲ. ಭಾನುವಾರ ಗೆಲ್ಲುವವರು ನಾವೇ, ಇದಕ್ಕೆ ನನ್ನದೇ ಗ್ಯಾರಂಟಿ ಎಂದುಬಿಟ್ಟ.

ಕೂಗಿದ ಆ ಅಭಿಮಾನಿ ಗುಂಪಿನಲ್ಲಿ ಕರಗಿಹೋದ. ನೇಮತ್‌ನ ಮಾತು ಮಾತ್ರ ಅಮೆರಿಕದ ಕ್ರೀಡಾ ಚರಿತ್ರೆಯಲ್ಲಿ ಉಳಿಯಿತು. ಆದರೆ ಅಂದಿನ ಲೆಕ್ಕದಲ್ಲಿ ವಿವೇಕದ ಮಾತಾಡಿದವನು ಆ ಅಭಿಮಾನಿಯೇ. ದೇಶದ ಬಹುತೇಕ ಕ್ರೀಡಾ ವರದಿಗಾರರು ಹೇಳುತ್ತಿದ್ದುದೂ ಅದನ್ನೇ. ಬಾಜಿ ಕಟ್ಟಿಸಿಕೊಳ್ಳುವ ಬುಕ್ಕಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೋಲ್ಟ್ಸ್ ಸುಮಾರು 18 ಅಂಕಗಳಿಂದ ಗೆಲ್ಲುತ್ತದೆ ಎಂದು ಅಂತರವನ್ನೂ ನಿಗದಿ ಮಾಡಿದ್ದರು.

ಗೆಲ್ಲುವವರು ಯಾರು ಎಂದು ಹೇಳುವುದು ಒಂದು ಮಾತು. ಎಷ್ಟರಿಂದ ಗೆಲ್ಲುತ್ತಾರೆ ಎಂದು ಹೇಳುವುದು ಬೇರೆಯೇ ಮಾತು. ಮೊದಲನೆಯದು ಲೋಕದ ಎಲ್ಲ ಆಟಗಳ ಅಭಿಮಾನಿಗಳೂ ಹೇಳುವಂಥದ್ದು. ಎರಡನೆಯದು ನಿತ್ಯದ ರೂಢಿಯಾಗಿ ಬೆಳೆದದ್ದು ಅಮೆರಿಕನ್ ಫುಟ್‌ಬಾಲಿನಲ್ಲಿ.

ನಮ್ಮಲ್ಲಿ ಫುಟ್‌ಬಾಲ್ ಎಂದರೆ ಕಾಲಿನಿಂದ ಒದೆಯುವ ಆಟ. ಅಮೆರಿಕನ್ನರ ಫುಟ್‌ಬಾಲಿನಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಎರಡೂ ತುದಿ ಚೂಪಾದ ಚೆಂಡನ್ನು ಹಿಡಿದು ಓಡಿಯೋ ಎಸೆದೋ ಎದುರಾಳಿಯ ಗಡಿ ದಾಟಿಸಿದರೆ ಟಚ್‌ಡೌನ್. ಅದಕ್ಕೆ 6 ಅಂಕ. ನಂತರ ಕಂಬಗಳ ನಡುವೆ ಒದ್ದರೆ ಇನ್ನೊಂದು. ಗಡಿ ದಾಟಲಾಗದೆ ದೂರದಿಂದಲೇ ಒದ್ದು ಕಂಬಗಳ ನಡುವೆ ಕಳಿಸಿದರೆ 3. ಹೀಗೆ ಅಂಕಗಳು ಮೂರು, ಏಳರ ಕಂತುಗಳಲ್ಲಿ ಬೀಳುವುದರಿಂದ ಪಂದ್ಯಗಳ ಗೆಲುವಿನ ಅಂತರವೂ ಮೂರು ಅಥವಾ ಏಳರಲ್ಲಿ ನಿಲ್ಲುವುದು ಹೆಚ್ಚು. ಭವಿಷ್ಯ ಹೇಳುವವರ ಇಡೀ ಶಾಸ್ತ್ರಕ್ಕೆ ಇದೇ ಬುನಾದಿ.

ನ್ಯಾಷನಲ್ ಫುಟ್‌ಬಾಲ್ ಲೀಗ್ ಹುಟ್ಟಿದ್ದು 1920ರಲ್ಲಿ, ಬೇರೊಂದು ಹೆಸರಿನಿಂದ. ಮೊದಲ ಹನ್ನೆರಡು ವರ್ಷ ಅದರಲ್ಲಿ ಪ್ಲೇಆಫ್ ಎಂಬುದೇ ಇರಲಿಲ್ಲ. ಗೆಲುವುಗಳ ಲೆಕ್ಕದಲ್ಲಿ ಮುಂದಿದ್ದವರು ಚಾಂಪಿಯನ್. 1932ರಲ್ಲಿ ಷಿಕಾಗೋ ಬೇರ್ಸ್ ಮತ್ತು ಪೋರ್ಟ್ಸ್‌ಮತ್ ಸ್ಪಾರ್ಟನ್ಸ್ ತಂಡಗಳು ಸಮಸಮವಾಗಿ ನಿಂತಾಗ ತೀರ್ಮಾನಕ್ಕೆಂದು ಒಂದು ಹೆಚ್ಚುವರಿ ಪಂದ್ಯ ಏರ್ಪಾಡಾಯಿತು. ಹಿಮದ ಕಾಟದಿಂದ ಅದು ನಡೆದದ್ದು ಷಿಕಾಗೋ ಸ್ಟೇಡಿಯಮ್ಮಿನ ಸೂರಿನಡಿ, ಮೊಟಕು ಮಾಡಿದ ಅಂಕಣದಲ್ಲಿ. ಬೇರ್ಸ್ 9-0ಯಿಂದ ಗೆದ್ದಿತು. ಜನಕ್ಕೆ ಈ ಬಗೆ ಹಿಡಿಸಿತು. ಮರುವರ್ಷದಿಂದಲೇ ಅಂತಿಮ ಪಂದ್ಯ ಕಾಯಂ ಆಯಿತು.

ಬ್ಯಾಸ್ಕೆಟ್‌ಬಾಲ್, ಬೇಸ್‌ಬಾಲ್‌ಗಳಲ್ಲಿ ಚಾಂಪಿಯನ್ ಆಗಬೇಕಾದರೆ ಏಳು ಪಂದ್ಯಗಳ ಸರಣಿಯಲ್ಲಿ ನಾಲ್ಕು ಗೆಲ್ಲಬೇಕು. ಒಂದು ದಿನದ ಅದೃಷ್ಟ ಅಲ್ಲಿ ಸಾಲದು. ಫುಟ್‌ಬಾಲಿನಲ್ಲಿ ಪ್ಲೇಆಫ್ ಎಂದರೆ ಒಂದೇ ಪಂದ್ಯ, ಸೋತವನು ಮನೆಗೆ. ಜನವರಿಯ ಮಂಜು, ಜಾರುವ ಚೆಂಡು, ಒಂದು ಕ್ಷಣದ ಮೈಮರೆವು ಇಡೀ ವರ್ಷದ ದುಡಿಮೆಯನ್ನು ತಿಂದುಹಾಕಬಲ್ಲದು. 1940ರಲ್ಲಿ ವಾಷಿಂಗ್ಟನ್ ತಂಡ ಬೇರ್ಸ್ ತಂಡವನ್ನು 7-3ರಿಂದ ಸೋಲಿಸಿತ್ತು. ಮೂರು ವಾರಗಳ ನಂತರ ಅವೇ ಎರಡು ತಂಡಗಳು ಅದೇ ವಾಷಿಂಗ್ಟನ್‌ನಲ್ಲಿ ಫೈನಲ್ ಆಡಿದಾಗ ಬೇರ್ಸ್ ಗೆದ್ದದ್ದು 73-0 ಅಂತರದಿಂದ. ಇಂಥ ಆಟದ ಬಗ್ಗೆ ಯಾರು ತಾನೇ ಧೈರ್ಯವಾಗಿ ಭವಿಷ್ಯ ಹೇಳಿಯಾರು? ಆದರೂ ಹೇಳಿದರು.

ಅಂತರದ ಮೇಲೆ ಬಾಜಿ ಕಟ್ಟುವ ಪದ್ಧತಿಯನ್ನು ಬಳಕೆಗೆ ತಂದ ಕೀರ್ತಿ ಸಾಮಾನ್ಯವಾಗಿ ಚಾರ್ಲ್ಸ್ ಮೆಕ್‌ನೀಲ್‌ಗೆ ಸಲ್ಲುತ್ತದೆ. ಗಣಿತದ ಮೇಷ್ಟರಾಗಿದ್ದು ಆಮೇಲೆ ಬುಕ್ಕಿಯಾದವನು. 1940ರ ದಶಕದ ಷಿಕಾಗೋದಲ್ಲಿ ವ್ಯವಹಾರ. ಅದಕ್ಕೆ ಮುಂಚೆ ಫುಟ್‌ಬಾಲಿನಲ್ಲೂ ಕುದುರೆ ಪಂದ್ಯದ ಲೆಕ್ಕವೇ ನಡೆಯುತ್ತಿತ್ತು: ಒಂದಕ್ಕೆ ಮೂರು, ಒಂದಕ್ಕೆ ಹತ್ತು ಎಂಬ ಹಾಗೆ. ಬಲಿಷ್ಠ ತಂಡ ದುರ್ಬಲ ತಂಡವನ್ನು ಎದುರಿಸುವಾಗ ದುರ್ಬಲರ ಮೇಲೆ ಹಣ ಹಾಕುವವರೇ ಇಲ್ಲದೆ ವ್ಯಾಪಾರ ಕೂತುಬಿಡುತ್ತಿತ್ತು. ಅಂತರದ ಪದ್ಧತಿ ಈ ತೊಂದರೆಯನ್ನು ನೀಗಿತು. ಬಲಿಷ್ಠರು ಏಳು ಅಂಕಕ್ಕಿಂತ ಹೆಚ್ಚಿನಿಂದ ಗೆಲ್ಲುತ್ತಾರೋ ಇಲ್ಲವೋ ಎಂಬುದೇ ಪ್ರಶ್ನೆಯಾದಾಗ ಎರಡೂ ಕಡೆಗೆ ಗಿರಾಕಿಗಳು ಸಿಕ್ಕರು. ಇಬ್ಬರಿಂದಲೂ ಸಮ ಹಣ ಬಂದರೆ ಪಂದ್ಯ ಏನಾದರೂ ಬುಕ್ಕಿಯ ದಲ್ಲಾಳಿಗೆ ಮೋಸವಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಬುಕ್ಕಿ ಹೇಳುವ ಅಂತರ ನಿಜಕ್ಕೂ ಭವಿಷ್ಯವಲ್ಲ, ಸಂತೆಯ ಧಾರಣೆ. ಜನ ಒಂದು ಕಡೆಗೆ ವಾಲಿದರೆ ಅವನು ಅಂಕವನ್ನು ಸರಿಸುತ್ತಾನೆ. ಹಾಗೆ ಸರಿಸುವುದರಲ್ಲೂ ಅಪಾಯವಿದೆ ಎಂಬುದು 1979ರ ಸೂಪರ್ ಬೌಲ್‌ನಲ್ಲಿ ಗೊತ್ತಾಯಿತು. ಪಿಟ್ಸ್‌ಬರ್ಗ್ ತಂಡ ಡಲ್ಲಾಸನ್ನು ಮೂರೂವರೆ ಅಂಕದಿಂದ ಸೋಲಿಸುತ್ತದೆಂದು ಮೊದಲು ಹೇಳಲಾಗಿತ್ತು. ಪಿಟ್ಸ್‌ಬರ್ಗ್ ಮೇಲೆ ಹಣ ಸುರಿಯಿತು. ಅಂತರ ನಾಲ್ಕೂವರೆಗೆ ಏರಿತು. ಆಗ ಡಲ್ಲಾಸ್ ಮೇಲೂ ಸುರಿಯಿತು. ಪಂದ್ಯ ಮುಗಿದಾಗ ಅಂಕ 35-31. ಅಂತರ ಸರಿಯಾಗಿ ನಾಲ್ಕು! ಮೊದಲು ಕಟ್ಟಿದವರೂ ಗೆದ್ದರು, ಕಡೆಗೆ ಕಟ್ಟಿದವರೂ ಗೆದ್ದರು. ಲಾಸ್ ವೇಗಸ್‌ನ ಬುಕ್ಕಿಗಳು ಆ ದಿನವನ್ನು ಇಂದಿಗೂ ಕರಾಳ ಭಾನುವಾರವೆಂದೇ ಕರೆಯುತ್ತಾರೆ.

ಅಂತರದ ಲೆಕ್ಕ ಬಂದ ಮೇಲೆ ಆಟಕ್ಕೆ ಹೊಸದೊಂದು ಕೆಡುಕೂ ಅಂಟಿತು. ಪಂದ್ಯ ಸೋಲು ಎಂದು ಆಟಗಾರನಿಗೆ ಲಂಚ ಕೊಡಬೇಕಾಗಿಲ್ಲ. ಗೆದ್ದರೂ ಸ್ವಲ್ಪ ಕಡಿಮೆ ಅಂತರದಿಂದ ಗೆಲ್ಲು, ಸೋತರೆ ಸ್ವಲ್ಪ ಹೆಚ್ಚಿಗೆ ಸೋಲು ಎಂದರೆ ಸಾಕು. 1946ರ ಫೈನಲ್‌ಗೆ ಮುನ್ನ ನ್ಯೂಯಾರ್ಕ್ ಜೈಂಟ್ಸ್‌ನ ಫ್ರಾಂಕ್ ಫಿಲ್‌ಚಾಕ್ ಮತ್ತು ಮೆರ್ಲ್ ಹೇಪ್ಸ್ ಎಂಬ ಇಬ್ಬರ ಬಳಿ ಜೂಜುಕೋರನೊಬ್ಬ ಇಂಥ ಪ್ರಸ್ತಾಪ ತಂದಿದ್ದ. ಇಬ್ಬರೂ ಒಪ್ಪಿಕೊಂಡಿರಲಿಲ್ಲ, ಆದರೆ ಲೀಗ್‌ಗೆ ತಿಳಿಸಿಯೂ ಇರಲಿಲ್ಲ. ಹೇಪ್ಸ್‌ನನ್ನು ಆ ಪಂದ್ಯದಿಂದ ಹೊರಗಿಟ್ಟರು. ತನಗೇನೂ ಗೊತ್ತಿಲ್ಲವೆಂದ ಫಿಲ್‌ಚಾಕ್ ಮೈದಾನಕ್ಕಿಳಿದು, ಮೂಗು ಮುರಿದುಕೊಂಡೂ ಆಡಿದ. ಬೇರ್ಸ್ 24-14ರಿಂದ ಗೆದ್ದಿತು. ಬುಕ್ಕಿಗಳು ಮೊದಲೇ ಹೇಳಿದ್ದ ಅಂತರವೂ ಹತ್ತೇ. ಆ ಹತ್ತರಲ್ಲಿ ಮೋಸವೇನೂ ಇರಲಿಲ್ಲ. ಆದರೂ ಮರುವರ್ಷ ಇಬ್ಬರನ್ನೂ ಅನಿರ್ದಿಷ್ಟ ಕಾಲ ಹೊರಹಾಕಲಾಯಿತು. ಪ್ರತಿ ವಾರ ಯಾರಿಗೆ ಗಾಯವಾಗಿದೆ ಎಂದು ತಂಡಗಳು ಬಹಿರಂಗವಾಗಿ ಪಟ್ಟಿ ಕೊಡುವ ಕ್ರಮದ ಮೂಲವೂ ಆ ಕಾಲದ ಆತಂಕದಲ್ಲೇ ಇದೆ: ಒಳಗಿನ ಸುದ್ದಿ ಕದ್ದು ಮಾರುವವರಿಗೆ ಮಾರಲು ಏನೂ ಉಳಿಯಬಾರದು.

ಸಂಶಯದ ಸ್ವಭಾವವೇ ಹಾಗೆ. ಒಮ್ಮೆ ಹೊಕ್ಕರೆ ಹೋಗುವುದಿಲ್ಲ. 1958ರ ಫೈನಲ್ ಹೆಚ್ಚುವರಿ ಅವಧಿಗೆ ಹೋಗಿತ್ತು. ಕೋಲ್ಟ್ಸ್ ತಂಡ ಗಡಿಯ ಅಂಚಿಗೇ ಬಂದಿತ್ತು. ಒಂದು ಸುಲಭದ ಒದೆತದಿಂದ ಮೂರು ಅಂಕ ಗಳಿಸಿ ಮುಗಿಸಬಹುದಿತ್ತು. ಹಾಗೆ ಮಾಡದೆ ಮುನ್ನುಗ್ಗಿ ಟಚ್‌ಡೌನ್ ಮಾಡಿ 23-17ರಿಂದ ಗೆದ್ದರು. ಬುಕ್ಕಿಗಳ ಅಂತರ ಮೂರಕ್ಕಿಂತ ಹೆಚ್ಚಿತ್ತು ಎಂಬ ಒಂದೇ ಎಳೆ ಹಿಡಿದು ಜನ ದಶಕಗಳ ಕಾಲ ಪಿಸುಗುಟ್ಟಿದರು. ಆಧಾರ ಮಾತ್ರ ಸಿಗಲಿಲ್ಲ. ಅಮೆರಿಕನ್ನರು ಸರ್ವಶ್ರೇಷ್ಠವೆಂದು ಹೊಗಳುವ ಪಂದ್ಯಕ್ಕೂ ಈ ಮಸಿ ತಪ್ಪಲಿಲ್ಲ. 1963ರಲ್ಲಿ ಪಾಲ್ ಹಾರ್ನುಂಗ್ ಮತ್ತು ಅಲೆಕ್ಸ್ ಕರ‍್ರಾಸ್ ಎಂಬ ಇಬ್ಬರು ತಾರೆಯರು ಬಾಜಿ ಕಟ್ಟಿದರೆಂದು ಲೀಗ್ ಇಡೀ ಋತು ಕೂರಿಸಿತು. ಅವರು ತಮ್ಮ ತಂಡದ ವಿರುದ್ಧ ಎಂದೂ ಕಟ್ಟಿರಲಿಲ್ಲ ಎಂಬುದು ತನಿಖೆಯಲ್ಲೇ ಸ್ಪಷ್ಟವಾಗಿತ್ತು.

ಇಷ್ಟೆಲ್ಲ ಹಿನ್ನೆಲೆಯಲ್ಲಿ ನೇಮತ್‌ನ ಬಾಯಿಂದ ಆ ಮಾತು ಬಂದದ್ದು. ಅಂದು ಅಮೆರಿಕದಲ್ಲಿ ಎರಡು ಲೀಗ್‌ಗಳಿದ್ದವು. ಕೋಲ್ಟ್ಸ್ ಹಳೆಯ ಲೀಗಿನ ದೊಡ್ಡಮನೆ. ಜೆಟ್ಸ್ 1960ರಲ್ಲಿ ಆಟ ಆರಂಭಿಸಿದ ಹೊಸ ಲೀಗಿನದು. ಮೊದಲೆರಡು ಸೂಪರ್ ಬೌಲ್‌ಗಳಲ್ಲಿ ಹಳೆಯ ಲೀಗಿನ ಗ್ರೀನ್ ಬೇ ತಂಡ ಹೊಸಬರನ್ನು 35-10, 33-14ರಿಂದ ಬಗ್ಗುಬಡಿದಿತ್ತು. ಕೋಲ್ಟ್ಸ್ ಆ ಋತುವಿನ 14 ಪಂದ್ಯಗಳಲ್ಲಿ ಸೋತದ್ದು ಒಂದನ್ನೇ. ನೇಮತ್‌ನ ಮಾತು ಪತ್ರಿಕೆಯಲ್ಲಿ ಬಂದಾಗ ಎಲ್ಲರಿಗಿಂತ ಹೆಚ್ಚು ಕಸಿವಿಸಿಗೊಂಡವನು ಜೆಟ್ಸ್‌ನ ಕೋಚ್ ವೀಬ್ ಯೂಬ್ಯಾಂಕ್. ಅದೇ ಕೋಲ್ಟ್ಸ್‌ಗೆ 1958, 1959ರಲ್ಲಿ ಚಾಂಪಿಯನ್ ಪಟ್ಟ ಕೊಡಿಸಿದ್ದವನು ಅವನು. ಮಲಗಿದ್ದವರನ್ನು ಯಾಕೆ ಕೆಣಕಬೇಕು ಎಂಬುದು ಅವನ ಚಿಂತೆ.

ನೇಮತ್ ಗಾಳಿಯಲ್ಲಿ ಗುಂಡು ಹೊಡೆದಿರಲಿಲ್ಲ. ಕೋಲ್ಟ್ಸ್ ಪಂದ್ಯಗಳ ಫಿಲ್ಮುಗಳನ್ನು ಮತ್ತೆ ಮತ್ತೆ ನೋಡಿದ್ದ. ಅವರ ರಕ್ಷಣೆ ಮುನ್ನುಗ್ಗುವ ಬಗೆ ತನ್ನ ಚುರುಕಿನ ಎಸೆತಕ್ಕೆ ಅನುಕೂಲವೆಂದು ಅವನಿಗೆ ಕಂಡಿತ್ತು. ಭಾನುವಾರ ನಡೆದದ್ದೂ ಹೆಚ್ಚುಕಡಿಮೆ ಹಾಗೆಯೇ. ವಿಚಿತ್ರವೆಂದರೆ ಅಂದು ಅವನು ಒಂದೂ ಟಚ್‌ಡೌನ್ ಎಸೆಯಲಿಲ್ಲ. ಮ್ಯಾಟ್ ಸ್ನೆಲ್ 121 ಗಜ ಓಡಿ, ಜೆಟ್ಸ್‌ನ ಏಕೈಕ ಟಚ್‌ಡೌನ್ ಗಳಿಸಿದ. ಕೋಲ್ಟ್ಸ್ ನಾಲ್ಕು ಬಾರಿ ಚೆಂಡನ್ನು ಎದುರಾಳಿಯ ಕೈಗೇ ಎಸೆಯಿತು. ಕೊನೆಯ ಅಂಕ 16-7. ಜೆಟ್ಸ್ ಗೆದ್ದಿತ್ತು.

ಇದು ಪವಾಡವೇ? 1991ರಲ್ಲಿ ಸಂಖ್ಯಾಶಾಸ್ತ್ರಜ್ಞ ಹ್ಯಾಲ್ ಸ್ಟರ್ನ್ 1980ರ ದಶಕದ ಮೂರು ಋತುಗಳ ಪಂದ್ಯಗಳನ್ನು ತೆಗೆದುಕೊಂಡು, ಬುಕ್ಕಿಗಳು ಹೇಳಿದ ಅಂತರ ನಿಜವಾದ ಅಂತರದಿಂದ ಎಷ್ಟು ದೂರವಿರುತ್ತದೆ ಎಂದು ಅಳೆದ. ಸರಾಸರಿಯಲ್ಲಿ ಬುಕ್ಕಿಗಳು ಸರಿಯೇ. ಆದರೆ ಒಂದೊಂದು ಪಂದ್ಯದಲ್ಲಿ ಆ ತಪ್ಪಿನ ಹರವು, ಶಾಸ್ತ್ರದ ಭಾಷೆಯಲ್ಲಿ ಮಾನಕ ವಿಚಲನೆ, ಸುಮಾರು 14 ಅಂಕ. ಅಂದರೆ ಎರಡು ಟಚ್‌ಡೌನ್‌ಗಳಷ್ಟು! ಈ ಲೆಕ್ಕ ಹಿಡಿದರೆ ಮೂರು ಅಂಕದ ಮೇಲುಗೈ ಇರುವ ತಂಡ ಗೆಲ್ಲುವ ಸಂಭವ ನೂರಕ್ಕೆ 59 ಮಾತ್ರ; ಏಳು ಅಂಕದ್ದಾದರೆ 69. ಹದಿನೆಂಟು ಅಂಕ ಹಿಂದಿರುವ ತಂಡವೂ ಹತ್ತು ಬಾರಿಯಲ್ಲಿ ಒಂದು ಬಾರಿ ಗೆಲ್ಲಬೇಕು. ಜೆಟ್ಸ್‌ಗೆ ಆ ಒಂದು ಬಾರಿ ಸಿಕ್ಕಿತು. ಹಾಗೆಂದು ನ್ಯೂಯಾರ್ಕಿನ ಅಭಿಮಾನಿಯ ಮುಂದೆ ಹೇಳುವ ಸಾಹಸ ಬೇಡ.

ಮುಂದಿನ ದಶಕದಲ್ಲಿ ಭವಿಷ್ಯ ಹೇಳುವುದೇ ಒಂದು ವೃತ್ತಿಯಾಯಿತು. ಒಹಾಯೋದ ಗ್ರೀಕ್ ವಲಸೆಗಾರರ ಮನೆಯ ಡಿಮಿಟ್ರಿಯೋಸ್ ಸಿನೋಡಿನೋಸ್, 'ಜಿಮ್ಮಿ ದಿ ಗ್ರೀಕ್' ಎಂಬ ಹೆಸರಿನಲ್ಲಿ 1976ರಿಂದ ಸಿಬಿಎಸ್ ಟೆಲಿವಿಷನ್ನಿನಲ್ಲಿ ಪ್ರತಿ ಭಾನುವಾರ ಕೂತು ಯಾರು ಮೇಲು ಎಂದು ತೂಗಿ ಹೇಳತೊಡಗಿದ. ಮನೆಮನೆಗೆ ಪರಿಚಿತನಾದ. 1988ರ ಜನವರಿಯಲ್ಲಿ, ಪ್ಲೇಆಫ್ ದಿನಗಳಲ್ಲೇ, ಕಪ್ಪು ಜನಾಂಗದ ಆಟಗಾರರ ಮೈಕಟ್ಟನ್ನು ಗುಲಾಮಗಿರಿಯ ಕಾಲದ ತಳಿ ಬೆಳೆಸುವಿಕೆಗೆ ಜೋಡಿಸಿ ಹೊಲಸು ಮಾತಾಡಿ ಮರುದಿನವೇ ಕೆಲಸ ಕಳೆದುಕೊಂಡ. ಅದಕ್ಕೆ ಮುಂಚೆ, 1978ರಲ್ಲಿ, ಪತ್ರಕರ್ತ ಲೆನರ್ಡ್ ಕಾಪೆಟ್ ಇನ್ನೊಂದು ಬಗೆಯ ಭವಿಷ್ಯ ಹೇಳಿದ್ದ: ಹಳೆಯ ಲೀಗಿನ ಮೂಲದ ತಂಡ ಸೂಪರ್ ಬೌಲ್ ಗೆದ್ದರೆ ಆ ವರ್ಷ ಷೇರುಪೇಟೆ ಏರುತ್ತದೆ, ಇಲ್ಲದಿದ್ದರೆ ಇಳಿಯುತ್ತದೆ. ಅಂಕಿಗಳನ್ನು ಹೇಗೆ ಬೇಕಾದರೂ ಹೆಣೆಯಬಹುದು ಎಂದು ತೋರಿಸುವ ತಮಾಷೆ ಅದು. ಜನ ನಿಜವೆಂದೇ ಹಿಡಿದರು. ಇಪ್ಪತ್ತು ವರ್ಷ ಬಹುಪಾಲು ನಿಜವೂ ಆಯಿತು! 2008ರಲ್ಲಿ ಹಳೆಯ ಲೀಗಿನ ಜೈಂಟ್ಸ್ ಗೆದ್ದಿತು. ಷೇರುಪೇಟೆ ಆ ವರ್ಷ ಕುಸಿದುಬಿತ್ತು.

ಆ 2008ರ ಪಂದ್ಯದ್ದೇ ಒಂದು ಕಥೆ. ಎದುರಾಳಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಆಡಿದ 18 ಪಂದ್ಯಗಳನ್ನೂ ಗೆದ್ದು ಬಂದಿತ್ತು. ಜೈಂಟ್ಸ್‌ನ ಪ್ಲಾಕ್ಸಿಕೋ ಬರೆಸ್ ತಮ್ಮ ತಂಡ 23-17ರಿಂದ ಗೆಲ್ಲುತ್ತದೆ ಎಂದ. ಪೇಟ್ರಿಯಟ್ಸ್‌ನ ಟಾಮ್ ಬ್ರೇಡಿಗೆ ನಗು ಬಂತು; ನಾವು ಗಳಿಸುವುದು ಹದಿನೇಳೇ ಅಂಕವೇ ಎಂದು ಕೇಳಿದ. ಪಂದ್ಯದಲ್ಲಿ ಅವರು ಗಳಿಸಿದ್ದು ಹದಿನಾಲ್ಕು. 35 ಸೆಕೆಂಡು ಉಳಿದಿದ್ದಾಗ ಗೆಲುವಿನ ಚೆಂಡು ಹಿಡಿದವನು ಬರೆಸ್. ಎಲ್ಲರ ಬಾಯಿಗೂ ಇಂಥ ಪುಣ್ಯವಿಲ್ಲ. 2004ರ ಜನವರಿಯಲ್ಲಿ ಸಿಯಾಟಲ್‌ನ ಮ್ಯಾಟ್ ಹ್ಯಾಸಲ್‌ಬೆಕ್ ಹೆಚ್ಚುವರಿ ಅವಧಿಯ ಟಾಸ್ ಗೆದ್ದು, ಚೆಂಡು ನಮಗಿರಲಿ, ನಾವು ಅಂಕ ಗಳಿಸುತ್ತೇವೆ ಎಂದು ಮೈಕಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ. ಸ್ವಲ್ಪ ಹೊತ್ತಿಗೆ ಅವನ ಎಸೆತವನ್ನು ಗ್ರೀನ್ ಬೇಯ ಆಲ್ ಹ್ಯಾರಿಸ್ ನಡುವೆಯೇ ಹಿಡಿದು 52 ಗಜ ಓಡಿ ಪಂದ್ಯ ಮುಗಿಸಿದ.

2020ರಿಂದ ಪ್ಲೇಆಫ್‌ಗೆ 14 ತಂಡಗಳು. ಚಾಂಪಿಯನ್ ಯಾರೆಂದು ತಿಳಿಯಲು 13 ಪಂದ್ಯ. ನಾಣ್ಯ ಚಿಮ್ಮಿಸಿ ಹೇಳಿದರೆ ಹದಿಮೂರೂ ಸರಿಯಾಗುವ ಸಂಭವ 8,192ರಲ್ಲಿ ಒಂದು. ಮೂರರಲ್ಲಿ ಎರಡು ಬಾರಿ ಸರಿ ಹೇಳಬಲ್ಲ ಜಾಣನಿಗೂ ಅದು ಸುಮಾರು 200ರಲ್ಲಿ ಒಂದೇ. ಅಭಿಮಾನಿ ಇದನ್ನೆಲ್ಲ ತಿಳಿದೂ ಜನವರಿ ಬಂತೆಂದರೆ ಪಟ್ಟಿ ಬರೆಯುತ್ತಾನೆ. ಅದರಲ್ಲಿ ತನ್ನೂರಿನ ತಂಡದ ಹೆಸರನ್ನು ಸೋಲುವ ಕಡೆ ಬರೆಯಲು ಅವನಿಗೆ ಕೈ ಬರುವುದಿಲ್ಲ. ಬುಕ್ಕಿಗಳ ಆದಾಯದ ಗಣನೀಯ ಪಾಲು ಈ ಮೋಹದಿಂದಲೇ ಬರುವುದು.

ಬಹುಕಾಲ ಈ ವ್ಯವಹಾರ ಕಾನೂನಿನ ಪ್ರಕಾರ ನಡೆಯುತ್ತಿದ್ದುದು ಮುಖ್ಯವಾಗಿ ನೆವಾಡಾದಲ್ಲಿ. ಬೇರೆ ರಾಜ್ಯಗಳಿಗೆ ಹರಡದಂತೆ ತಡೆದಿದ್ದ 1992ರ ಕಾಯಿದೆಯನ್ನು 2018ರ ಮೇ 14ರಂದು ಅಮೆರಿಕದ ಸುಪ್ರೀಂ ಕೋರ್ಟು ರದ್ದುಮಾಡಿತು. 2021ರಲ್ಲಿ ಲೀಗ್ ತಾನೇ ಬಾಜಿ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡಿತು. 2024ರ ಸೂಪರ್ ಬೌಲ್ ನಡೆದದ್ದು ಲಾಸ್ ವೇಗಸ್‌ನಲ್ಲಿ. ಆಟಗಾರರಿಗೆ ಮಾತ್ರ ಹಳೆಯ ನಿಯಮವೇ: 2022ರಲ್ಲಿ ಅಟ್ಲಾಂಟಾದ ಕ್ಯಾಲ್ವಿನ್ ರಿಡ್ಲಿಯನ್ನು ಬಾಜಿ ಕಟ್ಟಿದ್ದಕ್ಕಾಗಿ ಇಡೀ ಋತು ಹೊರಗಿಟ್ಟರು. ಒಟ್ಟು 1,500 ಡಾಲರ್ ಕಟ್ಟಿದ್ದೆನೆಂದು ಅವನೇ ಹೇಳಿಕೊಂಡಿದ್ದ.

ಜೆಟ್ಸ್ ತಂಡ 1969ರ ಆ ಭಾನುವಾರದ ನಂತರ, 2024ರ ಋತುವಿನವರೆಗೂ, ಇನ್ನೊಂದು ಸೂಪರ್ ಬೌಲ್ ತಲುಪಿಲ್ಲ. ಅದರ ಅಭಿಮಾನಿಗಳು ಪ್ರತಿ ಸೆಪ್ಟೆಂಬರ್‌ನಲ್ಲೂ ಈ ವರ್ಷ ನಮ್ಮದೇ ಎನ್ನುತ್ತಾರೆ.