ದುಂಡಾಣುಗಳ ಪೊರೆಚೀಲ ಮತ್ತು ಭತ್ತದ ಎಲೆ ಅಂಗಮಾರಿ ರೋಗ

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಸಿಂಧನೂರು ಹಾಗೂ ಮಸ್ಕಿ ಭಾಗದ ರೈತ ಬಾಂಧವರು ದುಂಡಾಣು ಎಲೆ ಅಂಗಮಾರಿ ರೋಗದ ಬಗ್ಗೆ ಎಚ್ಚರ ವಹಿಸಬೇಕು. ಎಲೆಯ ಅಂಚು ಹಳದಿಯಾದೊಡನೆ ಪೋಷಕಾಂಶದ ಕೊರತೆಯೆಂದು ಭಾವಿಸಿ ಯೂರಿಯಾ ಎರಚಿದರೆ ರೋಗ ಉಲ್ಬಣಿಸುತ್ತದೆ. ಶಿಲೀಂಧ್ರ ರೋಗವೆಂದು ತಿಳಿದು ಸಿಂಪಡಿಸಿದರೆ ಖರ್ಚು ಮಾತ್ರ ಉಳಿಯುತ್ತದೆ. ಇದರ ಕಾರಣ ತಿಳಿಯಲು ರೋಗಾಣು ಗಿಡದೊಳಗೆ ಕೆಲಸ ಮಾಡುವ ಬಗೆಯನ್ನು ಅರಿಯಬೇಕು.

ಪೊರೆಚೀಲ ಎಂದರೇನು?

ಈ ರೋಗವನ್ನು ತರುವ ಕ್ಸ್ಯಾಂಥೋಮೊನಾಸ್ ಒರೈಜೆ ದುಂಡಾಣುವಿಗೆ ಎರಡು ಪೊರೆಗಳಿವೆ. ಇಂತಹ ದುಂಡಾಣುಗಳಲ್ಲಿ ಹೊರಪೊರೆಯು ಅಲ್ಲಲ್ಲಿ ಉಬ್ಬಿ, ಗುಳ್ಳೆಯಂತೆ ಕಳಚಿಕೊಳ್ಳುತ್ತದೆ. ಇವೇ ಪೊರೆಚೀಲಗಳು. ಇವುಗಳ ವ್ಯಾಸ ಸುಮಾರು 20ರಿಂದ 250 ನ್ಯಾನೊಮೀಟರ್. ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಇವು ಸ್ಪಷ್ಟವಾಗಿ ಕಾಣವು. ಕಿಣ್ವ, ಪ್ರೋಟೀನ್, ಕೊಬ್ಬಿನಂಶ ಮುಂತಾದವನ್ನು ತುಂಬಿಕೊಂಡು ಸಾಗುವುದರಿಂದ ಒಳಗಿನ ಸರಕು ದಾರಿಯಲ್ಲಿ ಹಾಳಾಗದೆ ದೂರ ತಲುಪುತ್ತದೆ.

ರೋಗದಲ್ಲಿ ಇವುಗಳ ಪಾತ್ರ

ಕ್ಸ್ಯಾಂಥೋಮೊನಾಸ್ ಕುಲದ ಪೊರೆಚೀಲಗಳಲ್ಲಿ ಸಸ್ಯದ ಕೋಶಭಿತ್ತಿಯನ್ನು ಕರಗಿಸುವ ಕಿಣ್ವಗಳು ಕಂಡುಬಂದಿವೆ. ಇದರ ಬಂಧುವಾದ, ದ್ರಾಕ್ಷಿಗೆ ರೋಗ ತರುವ ಕ್ಸೈಲೆಲ್ಲಾ ದುಂಡಾಣುವಿನಲ್ಲಿ ಪೊರೆಚೀಲಗಳು ನಾಳದ ಗೋಡೆಗೆ ರೋಗಾಣು ಅಂಟದಂತೆ ಮಾಡಿ, ಅದು ನೀರಿನೊಡನೆ ಮುಂದೆ ಸಾಗಲು ನೆರವಾಗುತ್ತವೆ. ಕೆಲವು ದುಂಡಾಣುಗಳಲ್ಲಿ ಇವು ಪ್ರತಿಜೈವಿಕ ಔಷಧಿಯನ್ನು ತಮ್ಮೆಡೆಗೆ ಸೆಳೆದು ಮೂಲಜೀವಿಯನ್ನು ರಕ್ಷಿಸುತ್ತವೆ. ಆದರೆ ಸಸ್ಯಗಳೂ ಪೊರೆಚೀಲವನ್ನು ಗುರುತಿಸಿ ತಮ್ಮ ರಕ್ಷಣಾ ವ್ಯವಸ್ಥೆಯನ್ನು ಎಚ್ಚರಿಸಿಕೊಳ್ಳಬಲ್ಲವು.

ಭತ್ತದ ರೋಗಾಣು ಎಲೆಯಂಚಿನ ನೀರುರಂಧ್ರ ಹಾಗೂ ಗಾಯಗಳ ಮೂಲಕ ಹೊಕ್ಕು, ನೀರು ಸಾಗಿಸುವ ನಾಳಗಳಲ್ಲಿ ವೃದ್ಧಿಯಾಗುತ್ತದೆ. ಎಲೆಯ ಮೇಲೆ ಬಿದ್ದ ಔಷಧಿ ಅಲ್ಲಿಗೆ ಸುಲಭವಾಗಿ ತಲುಪದು. ಒಣಗಿದ ಭಾಗವೂ ಮತ್ತೆ ಹಸಿರಾಗದು. ಆದ್ದರಿಂದ ರೋಗ ಬಾರದಂತೆ, ಬಂದರೆ ಹರಡದಂತೆ ನೋಡಿಕೊಳ್ಳುವುದೇ ಮುಖ್ಯ.

ಗುರುತಿಸುವ ವಿಧಾನ

ಎಲೆಯ ತುದಿಯಿಂದ ಅಂಚಿನುದ್ದಕ್ಕೂ ಅಲೆಯಾಕಾರದ ಹಳದಿ ಪಟ್ಟಿ ಮೂಡಿ, ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಇಂತಹ ಎಲೆಯನ್ನು ರೋಗದ ಅಂಚಿನಲ್ಲಿ ಕತ್ತರಿಸಿ, ತಿಳಿನೀರಿರುವ ಗಾಜಿನ ಲೋಟದಲ್ಲಿ ಕೆಲವು ನಿಮಿಷ ಅದ್ದಿ ಹಿಡಿಯಿರಿ. ಕತ್ತರಿಸಿದ ಬದಿಯಿಂದ ಹಾಲಿನಂತಹ ದ್ರವ ಇಳಿದರೆ ಅದು ದುಂಡಾಣು ರೋಗ.

ಹತೋಟಿ ಕ್ರಮಗಳು

• ರೋಗ ಕಂಡೊಡನೆ ಸಾರಜನಕ ಮೇಲುಗೊಬ್ಬರವನ್ನು ತಡೆಹಿಡಿಯಿರಿ. ಮುಂದಿನ ಹಂಗಾಮಿನಲ್ಲಿ ಶಿಫಾರಸಿನ ಪ್ರಮಾಣವನ್ನೇ ಕಂತುಗಳಲ್ಲಿ ಕೊಡಿ, ಪೊಟ್ಯಾಷ್ ಬಿಡಬೇಡಿ.
• ನಿಂತ ನೀರನ್ನು ಬಸಿದು ತೆಗೆಯಿರಿ. ರೋಗವಿರುವ ಗದ್ದೆಯ ನೀರನ್ನು ಪಕ್ಕದ ಗದ್ದೆಗೆ ಹಾಯಿಸಬೇಡಿ.
• ನಾಟಿಗೆ ಮುನ್ನ ಸಸಿಗಳ ತುದಿ ಕತ್ತರಿಸಬೇಡಿ. ಆ ಗಾಯವೇ ರೋಗಾಣುವಿಗೆ ಬಾಗಿಲು.
• ಬದುಗಳ ಕಳೆ, ಕೂಳೆ ಪೈರು ಮತ್ತು ತಾನಾಗಿ ಹುಟ್ಟಿದ ಭತ್ತವನ್ನು ನಾಶಪಡಿಸಿ.
• ಬಿಪಿಟಿ-5204 (ಸಾಂಬಾ ಮಸೂರಿ) ಈ ರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ. ಪ್ರತಿವರ್ಷ ರೋಗ ಕಾಣುವಲ್ಲಿ, ಹೈದರಾಬಾದಿನ ವಿಜ್ಞಾನಿಗಳು ಮೂರು ನಿರೋಧಕ ವಂಶವಾಹಿಗಳನ್ನು ಸೇರಿಸಿ ಅಭಿವೃದ್ಧಿಪಡಿಸಿದ ಸುಧಾರಿತ ಸಾಂಬಾ ಮಸೂರಿಯನ್ನು ಪರಿಗಣಿಸಬಹುದು.

ಲಿಂಗಸುಗೂರು ಭಾಗದ ದಾಳಿಂಬೆ ಬೆಳೆಗಾರರೂ ಗಮನಿಸಬೇಕು: ದಾಳಿಂಬೆಯ ದುಂಡಾಣು ಅಂಗಮಾರಿಯೂ ಇದೇ ಕುಲದ ರೋಗಾಣುವಿನಿಂದ ಬರುತ್ತದೆ. ಅಲ್ಲಿ ರೋಗಮುಕ್ತ ಸಸಿ, ಚಾಟನಿ ಕತ್ತರಿಯ ಶುದ್ಧೀಕರಣ ಹಾಗೂ ರೋಗಪೀಡಿತ ಕಾಯಿ-ರೆಂಬೆಗಳ ನಾಶ ಕಡ್ಡಾಯ. ಯಾವುದೇ ಔಷಧಿ ಕೊಳ್ಳುವ ಮುನ್ನ ರೋಗಪೀಡಿತ ಎಲೆಯೊಂದಿಗೆ ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿ.