ಕೆಟ್ಟ ಮೊಬೈಲು ಮನೆ ಬಿಡುವುದು ಯಾವಾಗ?

ವಿದ್ಯುನ್ಮಾನ ತ್ಯಾಜ್ಯದ ಚರ್ಚೆ ಮೊದಲು ನಡೆದದ್ದು ಬಂದರುಗಳ ಸುತ್ತ. ಶ್ರೀಮಂತ ದೇಶಗಳ ವಿಷಕಾರಿ ಕಸ ಬಡ ದೇಶಗಳಿಗೆ ಹಡಗೇರುವುದನ್ನು ತಡೆಯಲು 1989ರಲ್ಲಿ ಬಾಸೆಲ್ ಒಪ್ಪಂದ ರೂಪುಗೊಂಡಿತು. ಜನ ಹಳೆಯ ಟಿ.ವಿ., ಮೊಬೈಲುಗಳನ್ನು ಯಾವ ಕಾರಣಕ್ಕೆ ಹೊರಗೆ ಕೊಡುತ್ತಾರೆ, ಯಾವ ಕಾರಣಕ್ಕೆ ಕೊಡುವುದಿಲ್ಲ ಎಂಬುದು ಅಧ್ಯಯನದ ವಿಷಯವಾಗಿ ಬೆಳೆದದ್ದು 2000ದ ನಂತರ. ತಡವಾಗಿ ಬಂದರೂ ಮೂಲ ಪ್ರಶ್ನೆ ಅದೇ. 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ 6.2 ಕೋಟಿ ಟನ್ ಇ-ತ್ಯಾಜ್ಯದಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇ. 22.3 ಮಾತ್ರ ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ.

ಪರಿಸರದ ಕಾಳಜಿ ಇದ್ದವರು ತಾವಾಗಿಯೇ ತಂದುಕೊಡುತ್ತಾರೆ ಎಂಬುದು ಸಹಜವಾದ ಊಹೆ. 2006ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ಒಂದು ಅಧ್ಯಯನ ಕಾಳಜಿಯ ಜೊತೆಗೆ ಸಂಗ್ರಹ ಕೇಂದ್ರ ಎಷ್ಟು ಹತ್ತಿರವಿದೆ ಎಂಬುದೂ ಮುಖ್ಯವೆಂದು ತೋರಿಸಿತು. 2008ರಲ್ಲಿ ನೋಕಿಯಾ ಕಂಪನಿ 13 ದೇಶಗಳ 6,500 ಜನರನ್ನು ಕೇಳಿದಾಗ ಹಳೆಯ ಫೋನನ್ನು ಮರುಬಳಕೆಗೆ ಕೊಟ್ಟವರು ಶೇ. 3ರಷ್ಟೇ ಇದ್ದರು, ಶೇ. 44ರಷ್ಟು ಫೋನುಗಳು ಮನೆಯ ಡ್ರಾಯರಿನಲ್ಲೇ ಬಿದ್ದಿದ್ದವು. ಮನಸ್ಸಿಗೂ ಕೈಗೂ ನಡುವಿನ ಈ ಅಂತರವನ್ನು ವಿವರಿಸಲು ಸಂಶೋಧಕರು ಹೆಚ್ಚಾಗಿ ಬಳಸಿದ್ದು ಮನಶ್ಶಾಸ್ತ್ರಜ್ಞ ಐಸೆಕ್ ಐಜೆನ್ 1991ರಲ್ಲಿ ವಿವರವಾಗಿ ಮಂಡಿಸಿದ ಸಿದ್ಧಾಂತವನ್ನು. ಸ್ವಂತ ಧೋರಣೆ, ಸುತ್ತಲಿನವರ ನಿರೀಕ್ಷೆ, ಇದು ತನ್ನಿಂದ ಆಗುವ ಕೆಲಸವೆಂಬ ಭರವಸೆ, ಈ ಮೂರೂ ಕೂಡಿದರೆ ಉದ್ದೇಶ ಗಟ್ಟಿಯಾಗುತ್ತದೆ ಎಂಬುದು ಅದರ ತಿರುಳು.

ಖರ್ಚು ಯಾರದು ಎಂಬಲ್ಲಿ ದಾರಿಗಳು ಕವಲೊಡೆದವು. ಜಪಾನಿನಲ್ಲಿ 2001ರಿಂದ ಹಳೆಯ ಟಿ.ವಿ., ಫ್ರಿಜ್ ಕೊಡುವವರೇ ಶುಲ್ಕ ತೆರುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ 2005ರಿಂದ ಹೊಸ ಟಿ.ವಿ. ಕೊಳ್ಳುವಾಗಲೇ ಹಣ ಕಟ್ಟಬೇಕು. ದುಡ್ಡಿನ ಆಚೆಗಿನ ಪ್ರೇರಣೆಗೂ ಜಪಾನಿನಲ್ಲೇ ಒಳ್ಳೆಯ ನಿದರ್ಶನವಿದೆ: ಟೋಕಿಯೊ ಒಲಿಂಪಿಕ್ಸ್ ಪದಕಗಳಿಗೆಂದು 2017ರಿಂದ 2019ರವರೆಗೆ ಜನ ಸುಮಾರು 62 ಲಕ್ಷ ಮೊಬೈಲುಗಳನ್ನು ಕೊಟ್ಟರು. ಅವುಗಳಿಂದಲೂ ಇತರ ಸಣ್ಣ ಉಪಕರಣಗಳಿಂದಲೂ ಸಿಕ್ಕ ಚಿನ್ನ ಸುಮಾರು 32 ಕಿಲೋ.

ಕರ್ನಾಟಕದಲ್ಲಿ ಕೆಲಸ ಆರಂಭವಾದದ್ದು ಬೆಂಗಳೂರಿನ ಸುತ್ತ. 2005ರಲ್ಲಿ ದಾಬಸ್‌ಪೇಟೆಯಲ್ಲಿ ಇ-ಪರಿಸರ ಸಂಸ್ಥೆ ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಮರುಬಳಕೆ ಘಟಕಗಳಲ್ಲಿ ಒಂದನ್ನು ತೆರೆಯಿತು. 2011ರಲ್ಲಿ ರೂಪುಗೊಂಡು 2012ರ ಮೇ 1ರಂದು ಜಾರಿಗೆ ಬಂದ ಕೇಂದ್ರದ ನಿಯಮಗಳು ಹಳೆಯ ಸಾಮಾನಿನ ಹೊಣೆಯನ್ನು ತಯಾರಕರ ಮೇಲೆ ಹಾಕಿದವು. 2016ರ ನಿಯಮಗಳಲ್ಲಿ ಠೇವಣಿ ಯೋಜನೆಗೆ ಅವಕಾಶವಿತ್ತು: ಕೊಳ್ಳುವಾಗ ಕಟ್ಟಿದ ಹಣ, ಕೆಟ್ಟ ಮೇಲೆ ಸಾಮಾನನ್ನು ಮರಳಿಸಿದರೆ ವಾಪಸು. ಅದು ಮನೆಯವರ ಕೈಗೆ ನೇರವಾಗಿ ಮುಟ್ಟುವ ಪ್ರೇರಣೆ. ಅದು ಹೆಚ್ಚು ಬಳಕೆಗೆ ಬಾರದೇ ಉಳಿದದ್ದು ದೊಡ್ಡ ನಷ್ಟ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳು ವಸ್ತುಗಳ ಪಟ್ಟಿಯನ್ನು 21ರಿಂದ 106ಕ್ಕೆ ಹಿಗ್ಗಿಸಿವೆ. ಆದರೆ ತಮ್ಮ ಪಾಲಿನ ತ್ಯಾಜ್ಯ ಮರುಬಳಕೆಯಾಯಿತೆಂಬ ಪ್ರಮಾಣಪತ್ರವನ್ನು ತಯಾರಕರು ಕೊಳ್ಳುವುದು ನೋಂದಾಯಿತ ಮರುಬಳಕೆದಾರರಿಂದ; ಆ ಹಣದಲ್ಲಿ ಮನೆಯವರಿಗೆ ಗೊತ್ತುಮಾಡಿದ ಪಾಲಿಲ್ಲ.

ಜಮಖಂಡಿ ತಾಲೂಕಿನ ಹುನ್ನೂರ, ನೇಕಾರರ ರಬಕವಿ-ಬನಹಟ್ಟಿ, ಮುಧೋಳ, ಬೀಳಗಿಯಂಥ ಊರುಗಳಿಗೆ ಬಂದರೆ ಮೇಲಿನ ಲೆಕ್ಕವೆಲ್ಲ ತಿರುಗುಮುರುಗಾಗುತ್ತದೆ. ಇಲ್ಲಿ ಕೆಟ್ಟ ಸಾಮಾನು ಕಸವಲ್ಲ, ಮಾಲು. ಮೊದಲು ರಿಪೇರಿ ಅಂಗಡಿಗೆ ಹೋಗುತ್ತದೆ. ಸರಿಹೋಗದಿದ್ದರೆ ಗುಜರಿಯವನ ತಕ್ಕಡಿಗೆ. ಸುಟ್ಟ ಮೋಟಾರಿನ ತಾಮ್ರಕ್ಕೆ ಏನು ಬೆಲೆ ಎಂಬುದು ರೈತನಿಗೂ ಗೊತ್ತು, ನೇಕಾರನಿಗೂ ಗೊತ್ತು. ಹಳೆಯ ಮೊಬೈಲಿಗೆ ಪ್ಲಾಸ್ಟಿಕ್ ಬಕೆಟ್ಟು, ಸ್ಟೀಲ್ ಪಾತ್ರೆ ಕೊಡುವವರ ಗಾಡಿ ಮನೆ ಬಾಗಿಲಿಗೇ ಬರುತ್ತದೆ. ಸಂಶೋಧನೆಗಳು ಹೇಳುವ ಅನುಕೂಲ, ಲಾಭ, ರೂಢಿ ಮೂರೂ ಆ ಗಾಡಿಯಲ್ಲಿವೆ. ಶುಲ್ಕ ಕೊಡಲು ಜನ ಸಿದ್ಧರೇ ಎಂದು ಕೇಳುವ ಪ್ರಶ್ನಾವಳಿಗೆ ಇಲ್ಲಿ ಅರ್ಥವೇ ಇಲ್ಲ.

ಬೆಲೆಯೊಂದೇ ಪ್ರೇರಣೆಯಾದರೆ ಏನಾಗುತ್ತದೆ ಎಂಬುದಕ್ಕೆ ಡಬ್ಬಿ ಟಿ.ವಿ.ಯನ್ನು ನೋಡಬೇಕು. ಪಿಕ್ಚರ್ ಟ್ಯೂಬಿನ ಕುತ್ತಿಗೆಗೆ ಸುತ್ತಿದ ತಾಮ್ರದ ಸುರುಳಿ ಬಿಚ್ಚಿಕೊಂಡು, ಬೋರ್ಡು ಕಿತ್ತುಕೊಂಡರೆ ಮಾರುವ ಮಾಲು ಮುಗಿಯಿತು. ಸೀಸ ಬೆರೆತ ದಪ್ಪ ಗಾಜು ಹಳ್ಳದ ದಂಡೆಗೆ ಬೀಳುತ್ತದೆ. ವೈರಿನ ಮೇಲಿನ ಪ್ಲಾಸ್ಟಿಕ್ ಸುಲಿಯುವ ಬದಲು ಬೆಂಕಿಗೆ ಹಾಕುತ್ತಾರೆ. ಆ ಹೊಗೆಯಲ್ಲಿ ಡಯಾಕ್ಸಿನ್ ಇರುತ್ತದೆ. ಪಾದರಸವಿರುವ ಟ್ಯೂಬ್‌ಲೈಟನ್ನೂ ಕೆಟ್ಟ ಎಲ್‌ಇಡಿ ಬಲ್ಬನ್ನೂ ಗುಜರಿಯವನು ಮುಟ್ಟುವುದೂ ಇಲ್ಲ. ಬೆಲೆಯಿದ್ದದ್ದು ಊರು ದಾಟುತ್ತದೆ, ವಿಷ ಊರಲ್ಲೇ ಉಳಿಯುತ್ತದೆ.

ಈಚಿನ ವರ್ಷಗಳಲ್ಲಿ ಭಯವೂ ಪ್ರೇರಣೆಯ ಲೆಕ್ಕಕ್ಕೆ ಸೇರಿದೆ. ಫೋಟೊ, ಬ್ಯಾಂಕಿನ ವಿವರ ಬೇರೆಯವರ ಪಾಲಾದೀತೆಂದು ಜನ ಫೋನನ್ನು ಕಪಾಟಿನಲ್ಲೇ ಇಡುತ್ತಾರೆ. ಇದು ಬರಿಯ ಅನುಮಾನವಲ್ಲ. ಮನೆ ಬಾಗಿಲ ಗಾಡಿಯವರಂತೆ ಬದಲಿ ಸಾಮಾನು ಕೊಟ್ಟು ಕೊಂಡ ಸುಮಾರು 4,000 ಹಳೆಯ ಮೊಬೈಲುಗಳನ್ನು 2024ರಲ್ಲಿ ತೆಲಂಗಾಣ ಪೊಲೀಸರು ವಶಪಡಿಸಿಕೊಂಡರು. ಅವು ಸೈಬರ್ ವಂಚಕರ ಕೈಸೇರಲಿದ್ದವು ಎಂಬುದು ಅವರ ಆರೋಪ.

ಹೆಚ್ಚಾಗಿ ನಗರಗಳ ಮಧ್ಯಮ ವರ್ಗವನ್ನು ಕೇಳಿ ಕಟ್ಟಿದ ಇ-ತ್ಯಾಜ್ಯದ ಸಂಶೋಧನೆಯಲ್ಲಿ ಹಳ್ಳಿ ಮನೆಗಳ ಪಾಲು ಬಹಳ ಕಡಿಮೆ. ಆದರೂ ಕೈಹಿಡಿಯುವ ಎಳೆಯೊಂದು ಅದರಲ್ಲಿದೆ: ದಾರಿ ಹತ್ತಿರವಿದ್ದು, ಒಯ್ಯುವವರ ಮೇಲೆ ನಂಬಿಕೆಯಿದ್ದರೆ ಜನ ಕೊಡುತ್ತಾರೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಓಡಿಸುವ ಸ್ವಚ್ಛ ವಾಹಿನಿ ಗಾಡಿಗಳಿವೆ, ಕಸ ಬೇರ್ಪಡಿಸುವ ಘಟಕಗಳಿವೆ. ಗುಜರಿಯವನು ಬಿಟ್ಟುಹೋಗುವ ಬಲ್ಬು, ಟ್ಯೂಬು, ಗಾಜನ್ನು ತಿಂಗಳಿಗೊಂದು ಗೊತ್ತಾದ ದಿನ ಆ ಗಾಡಿಗಳೇ ಒಯ್ಯುವಂತೆ ಪಂಚಾಯಿತಿಗಳು ಠರಾವು ಮಾಡಬೇಕು. ಅವು ನೋಂದಾಯಿತ ಘಟಕ ಮುಟ್ಟುವವರೆಗಿನ ಸಾಗಾಟದ ಖರ್ಚನ್ನು ತಯಾರಕರು ಹೊರಬೇಕು.