ಲೆಕ್ಕಕ್ಕೆ ಸಿಗದ ಒಂಬತ್ತು ವರ್ಷ

ಕಳೆದ ವಾರ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಈಗ ಅವನೂ ಅನುದಾನರಹಿತ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕ. "ಸಾರ್, ನೀವು 33 ವರ್ಷ ಪಾಠ ಹೇಳಿದಿರಿ. ಪೂರ್ತಿ ಪಿಂಚಣಿ ಬಂತೇ?" ಎಂದು ಕೇಳಿದ. ಇಲ್ಲವೆಂದೆ. ಕಾರಣ ತಿಳಿಯಬೇಕಾದರೆ ಸ್ವಲ್ಪ ಇತಿಹಾಸ ಅಗತ್ಯ.

ಖಾಸಗಿ ಶಾಲೆಗಳಿಗೆ ಸರ್ಕಾರವು ಸಹಾಯಧನ ನೀಡಬೇಕೆಂಬ ನೀತಿಯು 1854ರ ಚಾರ್ಲ್ಸ್ ವುಡ್ ಅವರ ಶಿಕ್ಷಣ ನಿರೂಪದಿಂದ ಬಂದುದು. ಊರಿನ ಹಿರಿಯರು ಚಂದಾ ಎತ್ತಿ ಶಾಲೆ ತೆರೆಯುವುದು, ಕೆಲವು ವರ್ಷಗಳ ನಂತರ ಅದು ಅನುದಾನಕ್ಕೆ ಒಳಪಡುವುದು ನಮ್ಮ ನಾಡಿನಲ್ಲಿ ರೂಢಿಯಾಯಿತು. ಆದರೆ ಅಲ್ಲಿನ ಶಿಕ್ಷಕರಿಗೆ ವೃದ್ಧಾಪ್ಯದ ಆಸರೆ ಬಹುಕಾಲ ಇರಲಿಲ್ಲ. 1960ರ ದಶಕದಲ್ಲಿ ಭವಿಷ್ಯನಿಧಿ, ವಿಮೆ, ಪಿಂಚಣಿ ಮೂರನ್ನೂ ಕೂಡಿಸಿದ ಟ್ರಿಪಲ್ ಬೆನಿಫಿಟ್ ಯೋಜನೆಯು ಅನುದಾನಿತ ಶಾಲೆಗಳಿಗೆ ಬಂದಿತು. ಶಿಕ್ಷಕರ ನಿವೃತ್ತಿ ಸೌಲಭ್ಯಗಳಲ್ಲಿ ಸಮಾನತೆ ಇರಬೇಕೆಂದು 1966ರಲ್ಲಿ ಕೊಠಾರಿ ಆಯೋಗವೂ ಹೇಳಿತು.

ನಾನು 1970ರಲ್ಲಿ ಕೆಲಸಕ್ಕೆ ಸೇರಿದ ಶಾಲೆಗೆ ಅನುದಾನ ದೊರೆತದ್ದು 1979ರಲ್ಲಿ. ನಡುವಣ ಒಂಬತ್ತು ವರ್ಷ ಆಡಳಿತ ಮಂಡಳಿಯು ಶುಲ್ಕ ಕೂಡಿದಾಗ ಸಂಬಳ ಕೊಡುತ್ತಿತ್ತು. 2003ರಲ್ಲಿ ನಿವೃತ್ತನಾದಾಗ ಲೆಕ್ಕಕ್ಕೆ ಬಂದದ್ದು 24 ವರ್ಷ ಮಾತ್ರ. ಆಗ ಪೂರ್ಣ ಪಿಂಚಣಿಗೆ 33 ವರ್ಷದ ಸೇವೆ ಬೇಕಿತ್ತು. ಪೂರ್ಣ ಪಿಂಚಣಿಯೆಂದರೆ ವೇತನದ ಅರ್ಧ. ಗಣಿತದ ಮೇಷ್ಟ್ರಾದ್ದರಿಂದ ಒಂದು ಉದಾಹರಣೆ ಕೊಡುವೆ. ಅಂತಿಮ ವೇತನ 9,900 ರೂಪಾಯಿ ಎಂದಿಟ್ಟುಕೊಳ್ಳಿ. 33 ವರ್ಷಕ್ಕೆ 4,950 ಬರಬೇಕು. 24 ವರ್ಷಕ್ಕೆ 3,600. ತಿಂಗಳಿಗೆ 1,350 ರೂಪಾಯಿಯ ಅಂತರ ಜೀವಮಾನಪೂರ್ತಿ ಉಳಿಯುತ್ತದೆ. ಅನುದಾನ ಇನ್ನೂ ತಡವಾಗಿ, ಹತ್ತು ವರ್ಷದ ಸೇವೆಯೂ ತುಂಬದವರಿಗೆ ಮಾಸಿಕ ಪಿಂಚಣಿಯೇ ಇಲ್ಲ.

ಪಿಂಚಣಿ ದಯಾಭಿಕ್ಷೆಯಲ್ಲ, ಸಲ್ಲಿಸಿದ ಸೇವೆಯಿಂದ ಗಳಿಸಿದ ಹಕ್ಕು ಎಂಬುದನ್ನು ಸುಪ್ರೀಂ ಕೋರ್ಟ್ 1982ರ ಡಿಸೆಂಬರ್ 17ರಂದು ನಕಾರಾ ಪ್ರಕರಣದಲ್ಲಿ ಎತ್ತಿಹಿಡಿಯಿತು. ಆದರೆ ಯಾವ ಸೇವೆ ಎಂಬ ಪ್ರಶ್ನೆ ಉಳಿಯಿತು. ಅನುದಾನಪೂರ್ವ ಸೇವೆಯನ್ನು ಗಣಿಸಬೇಕೆಂದು ನಮ್ಮವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಕೊನೆಗೆ ಕರ್ನಾಟಕ ಸರ್ಕಾರವು 2014ರಲ್ಲಿ ಖಾಸಗಿ ಶಿಕ್ಷಣ ಸಂಸ್ಥೆಗಳ ವೇತನ, ಪಿಂಚಣಿಗಳ ಬಗೆಗೆ ಕಾನೂನನ್ನೇ ಮಾಡಿ, ಆ ಸೇವೆ ಪರಿಗಣನೆಗೆ ಬಾರದೆಂದು ವಿಧಿಸಿತು. ಅದರ ನಂತರವೂ 'ಕಾಲ್ಪನಿಕ ವೇತನ'ದ ಬೇಡಿಕೆ ನಿಲ್ಲಲಿಲ್ಲ.

ಸರ್ಕಾರದ ವಾದವನ್ನೂ ನಾನು ಅಲ್ಲಗಳೆಯುವುದಿಲ್ಲ. ಬೊಕ್ಕಸದಿಂದ ಸಂಬಳ ಪಡೆಯದ ಕಾಲಕ್ಕೆ ಬೊಕ್ಕಸವೇಕೆ ಹೊಣೆಯಾಗಬೇಕು? ಆದರೆ ಆ ಒಂಬತ್ತು ವರ್ಷಗಳಲ್ಲಿ ನನ್ನಲ್ಲಿ ಕಲಿತವರು ಬರೆದದ್ದು ಸರ್ಕಾರದ ಪಠ್ಯಕ್ರಮದ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನೇ. ಅವರ ಅಂಕಪಟ್ಟಿ ನೋಡಿಯೇ ಸರ್ಕಾರ ಅವರಿಗೆ ನೌಕರಿ ಕೊಟ್ಟಿತು. ಕಲಿತದ್ದು ಲೆಕ್ಕಕ್ಕೆ ಬಂತು, ಕಲಿಸಿದ್ದು ಬರಲಿಲ್ಲ.

ಬಂದಿದ್ದ ಶಿಷ್ಯನಿಗೆ ಹೇಳಿದ್ದಿಷ್ಟೇ: 2006ರ ಏಪ್ರಿಲ್ 1ರಿಂದ ಸರ್ಕಾರಿ ಸೇವೆಗೆ ಸೇರಿದವರಿಗೇ ಹೊಸ ಪಿಂಚಣಿ ಯೋಜನೆ ಬಂದಿದೆ, ನಾಳೆ ಅನುದಾನ ಬಂದೀತೆಂದು ಕಾಯುತ್ತ ಕೂರಬೇಡ. ನೇಮಕಾತಿ ಆದೇಶ, ಸೇವಾ ಪುಸ್ತಕ, ಭವಿಷ್ಯನಿಧಿಯ ಚೀಟಿಗಳನ್ನು ಜೋಪಾನ ಮಾಡು. ತಿಂಗಳಿಗೆ ಅಷ್ಟಿಷ್ಟಾದರೂ ಉಳಿಸು.

ಅವನು ಹೊರಟ ಮೇಲೆ 1970ರ ನನ್ನ ನೇಮಕಾತಿ ಪತ್ರವನ್ನು ಪೆಟ್ಟಿಗೆಯಿಂದ ತೆಗೆದು ನೋಡಿದೆ. ಕಾಗದ ಹಳದಿಯಾಗಿದೆ, ಅಕ್ಷರ ಇನ್ನೂ ಓದಲು ಬರುತ್ತದೆ.